ಕಾರವಾರದ ಮರಳಲ್ಲಿ ನಿಂತ ‘ಚಪಲ್’

ಮಕ್ಕಳೇ, ನಮ್ಮ ಕಂಪಲಾಪುರದಲ್ಲಿ ಬಿದ್ದ ಮಳೆನೀರು ಕಾವೇರಿ ಸೇರಿ ಪೂರ್ವದ ಬಂಗಾಳಕೊಲ್ಲಿಗೆ ಹೋಗುತ್ತದೆ. ಪಶ್ಚಿಮದ ಅರಬ್ಬಿ ಸಮುದ್ರ ನೋಡಲು ನಾವೇ ಘಟ್ಟ ಇಳಿದು ಹೋಗಬೇಕು. ಹಾಗೆ ಹೋದವರು ಕಾರವಾರದಲ್ಲಿ ತಪ್ಪದೆ ನೋಡಬೇಕಾದದ್ದು ರವೀಂದ್ರನಾಥ ಟ್ಯಾಗೋರ್ ಕಡಲತೀರದ ಯುದ್ಧನೌಕೆ ವಸ್ತುಸಂಗ್ರಹಾಲಯ. ಹೆದ್ದಾರಿಯ ಪಕ್ಕದಲ್ಲೇ, ನೀರು ಬಿಟ್ಟು ನೆಲದ ಮೇಲೆ ನಿಂತಿದೆ ‘ಐಎನ್‌ಎಸ್ ಚಪಲ್’. ಆ ಕಡೆಯವರು ‘ಚಾಪೆಲ್’ ಎಂದೂ ಬರೆಯುತ್ತಾರೆ. ಕನ್ನಡದಲ್ಲಿ ಚಪಲ ಎಂದರೆ ನಾಲಿಗೆ ಚಪಲವೇ ಮೊದಲು ನೆನಪಾಗುತ್ತದೆ! ಇಲ್ಲಿ ಅದರ ಅರ್ಥ ಚುರುಕು, ವೇಗ.

ಹೆಸರಿಗೆ ತಕ್ಕ ಹಾಗೆ ಇದು ಗಂಟೆಗೆ 65 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿತ್ತು. ಉದ್ದ ಸುಮಾರು 38 ಮೀಟರ್, ಅಂದರೆ ಮೂರು ಸಾರಿಗೆ ಬಸ್ಸು ಸಾಲಾಗಿ ನಿಲ್ಲಿಸಿದಷ್ಟು. ತೂಕ 245 ಟನ್. ಇಷ್ಟರೊಳಗೆ ಸುಮಾರು 30 ಜನ ನಾವಿಕರು ಉಣ್ಣಬೇಕು, ಮಲಗಬೇಕು, ಯಂತ್ರ ನಡೆಸಬೇಕು. ಸಮವಸ್ತ್ರ ತೊಟ್ಟ ಗೊಂಬೆಗಳನ್ನು ಒಳಗೆ ನಿಲ್ಲಿಸಿ ಇದನ್ನೆಲ್ಲ ತೋರಿಸಿದ್ದಾರೆ. ಹೊರಗೆ ಎರಡೂ ಬದಿಯಲ್ಲಿ ಎರಡೆರಡು ದೊಡ್ಡ ಪೆಟ್ಟಿಗೆಗಳಿವೆ. ಕ್ಷಿಪಣಿ ಇರುತ್ತಿದ್ದದ್ದು ಅದರಲ್ಲಿ.

‘ಇದು 1971ರಲ್ಲಿ ಕರಾಚಿಗೆ ಹೋಗಿ ಹೊಡೆದ ಹಡಗು’ ಎಂದು ಅಲ್ಲಿಗೆ ಬಂದವರೊಬ್ಬರು ಹೇಳುತ್ತಿದ್ದರು. ಹಾಗೆಂದು ಬರೆದವರೂ ಇದ್ದಾರೆ. ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆ ಆಗದೆ ಮನೆಗೆ ಹೋಗುವಂತಿರಲಿಲ್ಲ. ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಚಪಲ್ ನಮ್ಮ ನೌಕಾಪಡೆಗೆ ಸೇರಿದ್ದು 1976ರ ನವೆಂಬರಿನಲ್ಲಿ. ಹುಟ್ಟುವ ಮೊದಲೇ ಯುದ್ಧಕ್ಕೆ ಹೋದದ್ದು ಹೇಗೆ?

ಕರಾಚಿಗೆ ಹೋದವು ಇದರ ಅಕ್ಕಂದಿರು: ನಿಪಾತ್, ನಿರ್ಘಾತ್ ಮತ್ತು ವೀರ್. ಇವೂ ಸೋವಿಯತ್ ರಷ್ಯಾದಿಂದ ಬಂದ ಸಣ್ಣ ಕ್ಷಿಪಣಿ ದೋಣಿಗಳೇ. ದಡದ ಹತ್ತಿರ ಕಾವಲು ಕಾಯಲೆಂದು ಮಾಡಿದವು, ದೂರ ಹೋಗುವಷ್ಟು ಇಂಧನ ಹಿಡಿಯುತ್ತಿರಲಿಲ್ಲ. ಆದರೆ ಅವುಗಳನ್ನು ಕಲ್ಕತ್ತೆಯಲ್ಲಿ ಇಳಿಸಿಕೊಂಡು, ದೊಡ್ಡ ಹಡಗಿಗೆ ಹಗ್ಗ ಕಟ್ಟಿ ಮುಂಬಯಿವರೆಗೆ ಎಳೆದು ತಂದಿದ್ದರು. ‘ಅಲ್ಲಿಂದ ಇಲ್ಲಿಗೆ ಎಳೆದು ತರಬಹುದಾದರೆ ಕರಾಚಿ ಕಡೆಗೂ ಎಳೆದೊಯ್ಯಬಹುದಲ್ಲ?’ ಎಂಬ ಯೋಚನೆ ಹೊಳೆಯಿತು. ಎಂಥ ಬುದ್ಧಿ ನೋಡಿ! 1971ರ ಡಿಸೆಂಬರ್ 4ರ ರಾತ್ರಿ, ಕಿಲ್ತಾನ್ ಮತ್ತು ಕಚ್ಚಾಲ್ ಎಂಬ ದೊಡ್ಡ ಹಡಗುಗಳ ಜೊತೆ ಹೋಗಿ ಪಾಕಿಸ್ತಾನದ ‘ಖೈಬರ್’, ‘ಮುಹಾಫಿಜ್’ ನೌಕೆಗಳನ್ನು ಮುಳುಗಿಸಿದವು. ಅವುಗಳ ಕ್ಷಿಪಣಿ ಸುಮಾರು 40 ಕಿಲೋಮೀಟರ್ ದೂರ ಹೋಗುತ್ತಿತ್ತು. ಹುಣಸೂರಿನಲ್ಲಿ ನಿಂತು ಮೈಸೂರಿನ ಅಂಚಿಗೆ ಗುರಿಯಿಟ್ಟಂತೆ. ನಾವಿಕರು ರಷ್ಯಾದಲ್ಲಿ ತರಬೇತಿ ಪಡೆದವರು. ಶತ್ರುಗಳಿಗೆ ಗೊತ್ತಾಗದಿರಲೆಂದು ರೇಡಿಯೋದಲ್ಲಿ ರಷ್ಯನ್ ಭಾಷೆಯಲ್ಲೇ ಮಾತಾಡಿಕೊಂಡರೆಂದು ಹೇಳುತ್ತಾರೆ. ಆಗ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಎಸ್.ಎಂ. ನಂದಾ ಬಾಲ್ಯ ಕಳೆದದ್ದು ಅದೇ ಕರಾಚಿಯಲ್ಲಿ! ಡಿಸೆಂಬರ್ 4ನ್ನು ನಾವು ಇಂದಿಗೂ ನೌಕಾಪಡೆ ದಿನವೆಂದು ಆಚರಿಸುತ್ತೇವೆ.

ಇಷ್ಟು ಕೇಳಿದ ಮೊಮ್ಮಗನ ಮುಖ ಸಪ್ಪಗಾಯಿತು. ‘ಹಂಗಾದ್ರೆ ಇದು ಆ ಯುದ್ಧಾನೇ ಮಾಡಿಲ್ವಾ ತಾತ?’ ಎಂದ.

‘ಕಾಡಂಚಿನ ಹೊಲದಲ್ಲಿ ಅಟ್ಟಣೆ ಹತ್ತಿ ರಾತ್ರಿಯೆಲ್ಲ ಕಾಯ್ತಾರಲ್ಲ, ಒಂದು ರಾತ್ರಿ ಆನೆ ಬರಲಿಲ್ಲ ಅಂದ್ರೆ ಅವತ್ತಿನ ಕಾವಲು ದಂಡ ಆಯ್ತಾ ಮಗ?’ ಎಂದೆ.

‘ಇಲ್ಲ. ಬೆಂಕಿ ನೋಡಿ ಆನೆ ವಾಪಸ್ ಹೋಗಿರ್ಬೋದು’ ಎಂದ. ಮತ್ತೆ ಹೋಗಿ ಕ್ಷಿಪಣಿ ಪೆಟ್ಟಿಗೆಯನ್ನು ಮುಟ್ಟಿ ಬಂದ.

ಚಪಲ್ 28 ವರ್ಷಕ್ಕೂ ಹೆಚ್ಚು ಕಾಲ ಹೀಗೆ ಸೇವೆಯಲ್ಲಿತ್ತು. 2005ರ ಮೇ 5ರಂದು ನಿವೃತ್ತಿಯಾಗಿ, ಮರುವರ್ಷ ಈ ದಂಡೆಗೆ ಬಂತು. ಅದೇ ಮೇ ತಿಂಗಳ 31ರಂದು ಕಾರವಾರದ ನೌಕಾನೆಲೆ ‘ಐಎನ್‌ಎಸ್ ಕದಂಬ’ ಸೇವೆಗೆ ಸೇರಿತು. ಹೆಸರು ನಮ್ಮ ಬನವಾಸಿಯ ಕದಂಬರದ್ದು. ಆ ನೆಲೆಯೊಳಗೆ ನಾವು ನೀವು ಬೇಕೆಂದಾಗ ಹೋಗುವಂತಿಲ್ಲ; ಚಪಲ್ ಒಳಗೆ ಹೋಗಬಹುದು.

ಹಡಗಿನ ಒಳದಾರಿ ಕಿರಿದು, ತಲೆ ತಗ್ಗಿಸಿಯೇ ನಡೆಯಬೇಕು. ಮಂಡಿ ನೋವಿರುವ ಅಜ್ಜ ಅಜ್ಜಿಯರು ಮಕ್ಕಳನ್ನು ಮುಂದೆ ಬಿಟ್ಟು ನಿಧಾನವಾಗಿ ಹೋಗಿ. ಪಕ್ಕದಲ್ಲೇ ಟುಪೊಲೆವ್ ವಿಮಾನವೊಂದನ್ನೂ ನಿಲ್ಲಿಸಿದ್ದಾರೆ. ಸಮುದ್ರದೊಳಗಿನ ಜಲಾಂತರ್ಗಾಮಿಗಳನ್ನು ಆಕಾಶದಿಂದಲೇ ಹುಡುಕುವುದು ಅದರ ಕೆಲಸವಾಗಿತ್ತು.