ಹಳೆಯ ವರ್ಕ್‌ಸ್ಟೇಷನ್‌ಗಳಲ್ಲಿ ಎಕ್ಸ್ ಸರ್ವರ್

ಎಕ್ಸ್ ಸರ್ವರ್ ಎಂಬುದು ಯುನಿಕ್ಸ್ ಮಾದರಿಯ ಗಣಕಗಳಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸುವ ಮತ್ತು ಕೀಲಿಮಣೆ, ಮೌಸ್‌ಗಳ ಸಂಕೇತಗಳನ್ನು ಅನ್ವಯ ತಂತ್ರಾಂಶಗಳಿಗೆ ತಲುಪಿಸುವ ತಂತ್ರಾಂಶ. ಇದು ಎಕ್ಸ್ ವಿಂಡೋ ಸಿಸ್ಟಮ್‌ನ ಕೇಂದ್ರ ಭಾಗವಾಗಿದೆ. ತಯಾರಕರ ಬೆಂಬಲ ನಿಂತುಹೋದ ವರ್ಕ್‌ಸ್ಟೇಷನ್‌ಗಳನ್ನು ಇಂದಿಗೂ ಬಳಸಲು ಸಾಧ್ಯವಾಗಿರುವುದಕ್ಕೆ ಈ ವ್ಯವಸ್ಥೆಯ ರಚನೆಯೇ ಒಂದು ಮುಖ್ಯ ಕಾರಣ. ಎಕ್ಸ್‌ನಲ್ಲಿ ಅನ್ವಯವು ನಡೆಯುವ ಗಣಕ ಮತ್ತು ಅದು ಕಾಣಿಸುವ ಗಣಕ ಒಂದೇ ಆಗಿರಬೇಕಿಲ್ಲ.

ಹಿನ್ನೆಲೆ

ಎಕ್ಸ್ ವ್ಯವಸ್ಥೆಯನ್ನು 1984ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಆರಂಭಿಸಿದರು. ಇಂದಿಗೂ ಬಳಕೆಯಲ್ಲಿರುವ ಹನ್ನೊಂದನೆಯ ಆವೃತ್ತಿಯು 1987ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. ಸನ್ ಕಂಪನಿಯ ಸ್ಪಾರ್ಕ್‌ಸ್ಟೇಷನ್ 1 (1989), ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಇಂಡಿ (1993) ಮೊದಲಾದ ಯಂತ್ರಗಳು ತಮ್ಮದೇ ಎಕ್ಸ್ ಸರ್ವರ್‌ಗಳೊಂದಿಗೆ ಮಾರಾಟವಾದವು. ಸ್ವತಂತ್ರ ತಂತ್ರಾಂಶವಾದ ಎಕ್ಸ್‌ಫ್ರೀ86 ಯೋಜನೆಯ ಪರವಾನಗಿಯು 2004ರಲ್ಲಿ ಬದಲಾದಾಗ ಎಕ್ಸ್.ಆರ್ಗ್ ಅದರಿಂದ ಕವಲೊಡೆದು ಮುಂದುವರಿಯಿತು.

ಕಾರ್ಯವಿಧಾನ

ಸಾಮಾನ್ಯ ಬಳಕೆಯಲ್ಲಿ ಸರ್ವರ್ ಎಂದರೆ ದೂರದ ದೊಡ್ಡ ಗಣಕ. ಎಕ್ಸ್‌ನಲ್ಲಿ ಇದು ತಿರುವುಮುರುವು. ಬಳಕೆದಾರರ ಎದುರಿನ ಪರದೆಯನ್ನು ನಿರ್ವಹಿಸುವ ತಂತ್ರಾಂಶವೇ ಸರ್ವರ್, ಆ ಪರದೆಯನ್ನು ಬಳಸಿಕೊಳ್ಳುವ ಅನ್ವಯವೇ ಕ್ಲೈಂಟ್. ಇವೆರಡೂ ಒಂದೇ ಯಂತ್ರದಲ್ಲಿರಬಹುದು ಅಥವಾ ಟಿಸಿಪಿ ಜಾಲದ 6000ನೇ ಪೋರ್ಟ್ ಮೂಲಕ ಸಂಪರ್ಕದಲ್ಲಿರಬಹುದು. ಆದ್ದರಿಂದ ಹೊಸ ಗಣಕದಲ್ಲಿ ನಡೆಯುವ ಅನ್ವಯವನ್ನು ಮೂವತ್ತು ವರ್ಷ ಹಳೆಯ ಯಂತ್ರದ ಪರದೆಯಲ್ಲಿ ಕಾಣಬಹುದು.

ಬೆಂಬಲದ ಅಂತ್ಯ

ಹಳೆಯ ಯಂತ್ರಕ್ಕೆ ಬೆಂಬಲವು ಒಮ್ಮೆಗೇ ನಿಲ್ಲುವುದಿಲ್ಲ, ಹಂತಹಂತವಾಗಿ ಕಳಚಿಕೊಳ್ಳುತ್ತದೆ. ಮೊದಲನೆಯದು ಕಾರ್ಯಾಚರಣ ವ್ಯವಸ್ಥೆ. ಡೆಬಿಯನ್ 2009ರ 5.0 ಆವೃತ್ತಿಯಲ್ಲಿ 32-ಬಿಟ್ ಸ್ಪಾರ್ಕ್ ಯಂತ್ರಗಳನ್ನು ಕೈಬಿಟ್ಟಿತು. ಓಪನ್‌ಬಿಎಸ್‌ಡಿಯಲ್ಲಿ ಅವುಗಳಿಗೆ ದೊರೆತ ಕೊನೆಯ ಆವೃತ್ತಿ 2016ರ 5.9. ನೆಟ್‌ಬಿಎಸ್‌ಡಿ ಮಾತ್ರ ಈ ಬೆಂಬಲವನ್ನು ಮುಂದುವರಿಸಿದೆ.

ಎರಡನೆಯದು ಗ್ರಾಫಿಕ್ಸ್ ಡ್ರೈವರ್. ಹಳೆಯ ಡ್ರೈವರ್‌ಗಳು ಚಿತ್ರರಚನೆಯ ವೇಗವರ್ಧನೆಗೆ ಎಕ್ಸ್‌ಎಎ ಎಂಬ ವ್ಯವಸ್ಥೆಯನ್ನು ಅವಲಂಬಿಸಿದ್ದವು. 2012ರಲ್ಲಿ ಎಕ್ಸ್.ಆರ್ಗ್ ಸರ್ವರ್‌ನ 1.13 ಆವೃತ್ತಿಯಿಂದ ಇದನ್ನು ತೆಗೆಯಲಾಯಿತು. ಹೊಸ ವ್ಯವಸ್ಥೆಗೆ ಹೊಂದಿಸದ ಡ್ರೈವರ್‌ಗಳಲ್ಲಿ ಪರದೆಯ ಎಲ್ಲ ಕೆಲಸವೂ ನಿಧಾನಗತಿಯ ಮುಖ್ಯ ಸಂಸ್ಕಾರಕದ ಮೇಲೆ ಬೀಳುತ್ತದೆ.

ಮೂರನೆಯದು ಬಣ್ಣದ ಮಿತಿ. ಸನ್ ಯಂತ್ರಗಳ 1152×900 ಬಿಂದುಗಳ 8-ಬಿಟ್ ಪರದೆಗೆ ಸುಮಾರು 1 ಮೆಗಾಬೈಟ್ ಚಿತ್ರಸ್ಮೃತಿ ಸಾಕು, ಆದರೆ ಏಕಕಾಲಕ್ಕೆ 256 ಬಣ್ಣಗಳಷ್ಟೇ ದೊರೆಯುತ್ತವೆ. ಒಂದು ಅನ್ವಯವು ತನ್ನದೇ ಬಣ್ಣದ ಪಟ್ಟಿಯನ್ನು ಅಳವಡಿಸಿಕೊಂಡಾಗ ಉಳಿದ ಕಿಟಕಿಗಳ ಬಣ್ಣ ಕೆಡುತ್ತದೆ.

ಅಳವಡಿಕೆ

ಸ್ಪಾರ್ಕ್‌ಸ್ಟೇಷನ್‌ಗಳಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಎನ್‌ವಿರ‍್ಯಾಮ್ ಚಿಪ್. ಅದರೊಳಗಿನ ಬ್ಯಾಟರಿ ಮುಗಿದರೆ ಯಂತ್ರದ ಗುರುತುಸಂಖ್ಯೆ ಮತ್ತು ಈಥರ್ನೆಟ್ ವಿಳಾಸ ಅಳಿಸಿಹೋಗುತ್ತವೆ. ಪುತ್ತೂರು, ಸುಳ್ಯ, ಕಡಬದಂತಹ ಮಳೆ ಹೆಚ್ಚಿರುವ ತಾಲೂಕುಗಳಲ್ಲಿ ತೇವಾಂಶದಿಂದ ಕನೆಕ್ಟರ್‌ಗಳು ತುಕ್ಕು ಹಿಡಿಯುವ ಸಾಧ್ಯತೆಯೂ ಇರುವುದರಿಂದ ಯಂತ್ರವನ್ನು ಒಣ ಸ್ಥಳದಲ್ಲಿ ಇಡುವುದು ಅಗತ್ಯ. 13ಡಬ್ಲ್ಯೂ3 ಕನೆಕ್ಟರ್ ಇರುವ ಯಂತ್ರಕ್ಕೆ ಈಗಿನ ಮಾನಿಟರ್ ಜೋಡಿಸಲು ಅಡಾಪ್ಟರ್ ಬೇಕು. ಎಲ್ಲ ಮಾನಿಟರ್‌ಗಳೂ ಅದರ ಸಿಂಕ್ ಸಂಕೇತವನ್ನು ಗ್ರಹಿಸುವುದಿಲ್ಲ.

ಸ್ಮೃತಿ ಕಡಿಮೆಯಿರುವ ಯಂತ್ರಕ್ಕೆ ಟಿಡಬ್ಲ್ಯೂಎಂನಂತಹ ಸರಳ ವಿಂಡೋ ಮ್ಯಾನೇಜರ್ ಸೂಕ್ತ. ಬ್ರೌಸರ್‌ನಂತಹ ಭಾರವಾದ ಅನ್ವಯಗಳನ್ನು ಬೇರೆ ಗಣಕದಲ್ಲಿ ನಡೆಸಿ ಹಳೆಯ ಯಂತ್ರವನ್ನು ಪರದೆಯಾಗಿ ಮಾತ್ರ ಬಳಸಬಹುದು.

ಕನ್ನಡದ ಬಳಕೆ

ಎಕ್ಸ್‌ನ ಮೂಲ ಅಕ್ಷರ ವ್ಯವಸ್ಥೆಯು ಒಂದು ಸಂಕೇತಕ್ಕೆ ಒಂದು ಆಕೃತಿಯಂತೆ ಸಾಲಾಗಿ ಬರೆಯುತ್ತದೆ. ಒತ್ತಕ್ಷರ, ಗುಣಿತಾಕ್ಷರಗಳಿರುವ ಕನ್ನಡಕ್ಕೆ ಇದು ಸಾಲದು. ಇಂದಿನ ಅನ್ವಯಗಳಲ್ಲಿ ಅಕ್ಷರಗಳ ಜೋಡಣೆಯನ್ನು ಹಾರ್ಫ್‌ಬಜ್‌ನಂತಹ ತಂತ್ರಾಂಶವು ಕ್ಲೈಂಟ್ ಬದಿಯಲ್ಲಿ ನಡೆಸುತ್ತದೆ. ಸರ್ವರ್‌ಗೆ ತಲುಪುವುದು ಸಿದ್ಧ ಆಕೃತಿಗಳು ಅಥವಾ ಚಿತ್ರ ಮಾತ್ರ. ಹೀಗಾಗಿ ಯೂನಿಕೋಡ್ ಅರಿಯದ ಯಂತ್ರದ ಪರದೆಯಲ್ಲೂ ಕನ್ನಡ ಸರಿಯಾಗಿ ಮೂಡಬಲ್ಲದು.

ಬೆರಳಚ್ಚಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಎಕ್ಸ್.ಆರ್ಗ್‌ನೊಂದಿಗೆ ಬಳಸುವ ಕೀಲಿಮಣೆ ವಿನ್ಯಾಸಗಳ ಸಂಗ್ರಹದಲ್ಲಿ ಕನ್ನಡದ ಕಗಪ ವಿನ್ಯಾಸವೂ ಇದೆ. ಕನ್ನಡ ಗಣಕ ಪರಿಷತ್ತಿನ ಹೆಸರನ್ನು ಹೊತ್ತ ಇದಕ್ಕೆ ದಕ್ಷಿಣ ಕನ್ನಡದ ಕಿನ್ನಿಕಂಬಳ ಮೂಲದ ಕೆ. ಪಿ. ರಾವ್ ಅವರ ವಿನ್ಯಾಸವೇ ಆಧಾರ. ಇಂತಹ ವಿನ್ಯಾಸಗಳನ್ನು ಓದುವ ಎಕ್ಸ್‌ಕೆಬಿ ಸೌಲಭ್ಯವಿಲ್ಲದ ಹಳೆಯ ಸರ್ವರ್‌ಗಳಲ್ಲಿ, ಕ್ಲೈಂಟ್ ಗಣಕದಲ್ಲೇ ಐಬಸ್‌ನಂತಹ ತಂತ್ರಾಂಶ ಅಳವಡಿಸಿ ಕನ್ನಡ ಬರೆಯಬಹುದು.

ಸುರಕ್ಷತೆ ಮತ್ತು ಮಿತಿಗಳು

ಎಕ್ಸ್‌ನ ನೇರ ಜಾಲಸಂಪರ್ಕದಲ್ಲಿ ಗೂಢಲಿಪೀಕರಣವಿಲ್ಲ. ಒತ್ತಿದ ಪ್ರತಿ ಕೀಲಿಯನ್ನೂ, ಗುಪ್ತಪದವನ್ನೂ ಜಾಲದಲ್ಲಿರುವ ಇತರರು ಓದಬಹುದು. ಇದೇ ಕಾರಣದಿಂದ ಎಕ್ಸ್.ಆರ್ಗ್ 1.17 ಆವೃತ್ತಿಯಿಂದ (2015) ಟಿಸಿಪಿ ಸಂಪರ್ಕವನ್ನು ಪೂರ್ವನಿಯೋಜಿತವಾಗಿ ಮುಚ್ಚಲಾಗಿದೆ. ಎಸ್‌ಎಸ್‌ಎಚ್ ಮೂಲಕ ಸಂಪರ್ಕಿಸುವುದು ಸುರಕ್ಷಿತವಾದರೂ ಹಳೆಯ ಎಸ್‌ಎಸ್‌ಎಚ್ ಆವೃತ್ತಿಗಳ ಗೂಢಲಿಪಿ ವಿಧಾನಗಳನ್ನು ಹೊಸ ಗಣಕಗಳು ನಿರಾಕರಿಸಬಹುದು. ಅಂತರಜಾಲದಿಂದ ಬೇರ್ಪಟ್ಟ ಸ್ಥಳೀಯ ಜಾಲದಲ್ಲಿ ಇಂತಹ ಯಂತ್ರಗಳನ್ನು ಇರಿಸುವುದು ಸೂಕ್ತ.

ಹಳೆಯ ಯಂತ್ರದ ಅನ್ವಯವನ್ನು ಹೊಸ ಗಣಕದ ಪರದೆಯಲ್ಲಿ ಕಾಣಿಸುವಾಗಲೂ ಅಡಚಣೆಯಿದೆ. ಸ್ಪಾರ್ಕ್ ಮತ್ತು ಇಂಟೆಲ್ ಸಂಸ್ಕಾರಕಗಳ ಬೈಟ್ ಕ್ರಮ ಪರಸ್ಪರ ವಿರುದ್ಧ. ಎಕ್ಸ್ ಸರ್ವರ್ ಮೊದಲಿನಿಂದಲೂ ಈ ಕ್ರಮವನ್ನು ತಾನೇ ಬದಲಿಸಿಕೊಳ್ಳುತ್ತಿತ್ತು. ಹೊಸ ವೇಲ್ಯಾಂಡ್ ಪರಿಸರದಲ್ಲಿ ಎಕ್ಸ್ ಅನ್ವಯಗಳನ್ನು ನಡೆಸುವ ಎಕ್ಸ್‌ವೇಲ್ಯಾಂಡ್ 23.1 ಆವೃತ್ತಿಯಿಂದ ಸುರಕ್ಷತೆಯ ದೃಷ್ಟಿಯಿಂದ ಈ ಸೌಲಭ್ಯ ಮುಚ್ಚಿರುತ್ತದೆ. ಬೇಕಾದವರು ಅದನ್ನು ತಾವೇ ಸಕ್ರಿಯಗೊಳಿಸಬೇಕು.