ಆರ್‌ಸಿಸಿಯ ಮೊದಲ ‘ಆರ್’

ವಿಜಯಪುರದ ಸುತ್ತಮುತ್ತ ಮನೆ ಕಟ್ಟಿಸುವವರೆಲ್ಲ ಆರ್‌ಸಿಸಿ ಎನ್ನುತ್ತಾರೆ. ಅದರಲ್ಲಿ ‘ಸಿ’ಗಳೆರಡು ಸಿಮೆಂಟು, ಕಾಂಕ್ರೀಟು. ಮೊದಲ ‘ಆರ್’ ಅಂದರೆ ರೀಇನ್‌ಫೋರ್ಸ್ಡ್. ನಿಘಂಟು ಅದಕ್ಕೆ ‘ಬಲಪಡಿಸಿದ’ ಎಂದು ಅರ್ಥ ಕೊಟ್ಟು ಸುಮ್ಮನಾಗುತ್ತದೆ. ಬಲ ಎಲ್ಲಿ ಸಾಲದಾಗಿತ್ತು, ಯಾವುದರಿಂದ ತುಂಬಿದರು ಎಂಬುದನ್ನು ಹೇಳುವುದಿಲ್ಲ. ಆ ಪದದ ಜೀವವೆಲ್ಲ ಇರುವುದು ಅಲ್ಲೇ.

ಕಾಂಕ್ರೀಟು ಒತ್ತಿದರೆ ಚೆನ್ನಾಗಿ ತಡೆದುಕೊಳ್ಳುತ್ತದೆ, ಎಳೆದರೆ ಬೇಗ ಬಿರಿಯುತ್ತದೆ. ಎಳೆತ ತಾಳುವ ಶಕ್ತಿ ಒತ್ತಡ ತಾಳುವ ಶಕ್ತಿಯ ಸುಮಾರು ಹತ್ತನೇ ಒಂದು ಪಾಲು. ಗೋಡೆಯಿಂದ ಗೋಡೆಗೆ ಹಾಕಿದ ತಾರಸಿ ತನ್ನ ಭಾರಕ್ಕೇ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದಾಗ ಮೇಲ್ಭಾಗ ಒತ್ತಿಕೊಳ್ಳುತ್ತದೆ, ತಳಭಾಗ ಹಿಗ್ಗುತ್ತದೆ. ಹಾಗಾಗಿ ನಡುಮನೆಯ ಮೇಲೆ ಬಿರುಕು ಶುರುವಾಗುವುದು ತಳದಿಂದ. ಹಳೆಯ ಮನೆಗಳ ಕಲ್ಲು ಚಪ್ಪಡಿಗೂ ಇದೇ ಕೊರತೆ. ಚಪ್ಪಡಿ ಹಾಸಿದ ಮನೆಗಳಲ್ಲಿ ಅಂಕಣ ಕಿರಿದಾಗಿ, ಕಂಬಗಳು ಹತ್ತಿರ ಹತ್ತಿರ ಇರುವುದು ಅದಕ್ಕೇ.

ಈ ಕೊರತೆಯನ್ನು ಕಂಬಿ ತುಂಬುತ್ತದೆ. ಕಂಬಿಯ ಮೇಲೆ ಕಾಣುವ ‘ಎಫ್‌ಇ 500’ ಗುರುತಿನ ಅರ್ಥ, ಪ್ರತಿ ಚದರ ಮಿಲಿಮೀಟರ್‌ಗೆ 500 ನ್ಯೂಟನ್, ಅಂದರೆ ಸುಮಾರು 50 ಕೆ.ಜಿ. ತೂಕದಷ್ಟು ಎಳೆತಕ್ಕೂ ಅದು ಮಣಿಯುವುದಿಲ್ಲ ಎಂದು. ಈ ಸೀಮೆಯ ದ್ರಾಕ್ಷಿ ಚಪ್ಪರವನ್ನೇ ನೋಡಿ: ಕಲ್ಲುಕಂಬ ಭಾರ ಹೊರುತ್ತದೆ, ತಂತಿ ಎಳೆತ ತಾಳುತ್ತದೆ. ತಾರಸಿಯೊಳಗೆ ಕಾಂಕ್ರೀಟಿಗೂ ಕಂಬಿಗೂ ಆಗಿರುವುದು ಇದೇ ಪಾಲು. ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಒಂದನ್ನೊಂದು ಬಿಟ್ಟುಕೊಡುವುದಿಲ್ಲ. ಕಾಂಕ್ರೀಟಿನ ಕ್ಷಾರಗುಣ ಕಂಬಿಗೆ ತುಕ್ಕು ಹಿಡಿಯದಂತೆಯೂ ಕಾಯುತ್ತದೆ. 1867ರಲ್ಲಿ ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೆ ಈ ಜೋಡಣೆಗೆ ಪೇಟೆಂಟ್ ಪಡೆದದ್ದು ಗಿಡ ನೆಡುವ ತೊಟ್ಟಿಗಳಿಗಾಗಿ!

ಇಂಗ್ಲಿಷಿನಲ್ಲಿ ‘ರೀಇನ್‌ಫೋರ್ಸ್’ ಬಳಸುವಾಗಲೂ ಇದೇ ಲೆಕ್ಕ: ಮೊದಲೇ ಒಂದು ವಸ್ತು ಇರಬೇಕು, ಅದರ ಜೊತೆಗೆ ಇನ್ನೊಂದು ಬಂದು ಸೇರಬೇಕು. ಕಾಳಗದಲ್ಲಿರುವ ಪಡೆಗೆ ಹೊಸ ತುಕಡಿ ಬಂದರೆ ಅದು ‘ರೀಇನ್‌ಫೋರ್ಸ್‌ಮೆಂಟ್’. ಪ್ಯಾಂಟಿನ ಮಂಡಿಗೆ ಒಳಗಿನಿಂದ ಇನ್ನೊಂದು ಪದರ ಬಟ್ಟೆ ಹೊಲಿದರೂ ಈ ಪದ ಹೊಂದುತ್ತದೆ. ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಇದನ್ನು ನಡವಳಿಕೆಗೂ ತಂದರು: ಮಗು ಪುಸ್ತಕ ಜೋಡಿಸಿಟ್ಟಾಗ ಶಹಬ್ಬಾಸ್ ಎಂದರೆ, ಆ ಮೆಚ್ಚುಗೆ ಒಳ್ಳೆಯ ಅಭ್ಯಾಸವನ್ನು ‘ರೀಇನ್‌ಫೋರ್ಸ್’ ಮಾಡುತ್ತದೆ.

ವ್ಯಾಯಾಮದಿಂದ ತೋಳು ಗಟ್ಟಿಯಾದರೆ ಅದು ‘ಸ್ಟ್ರೆಂಥನ್’. ಹೊರಗಿನದೇನೂ ಸೇರಿಲ್ಲ, ಇದ್ದ ತೋಳೇ ಬಲಿತಿದೆ. ಊರಿಗೆ ಕೋಟೆ ಕಟ್ಟಿ ಭದ್ರ ಮಾಡಿದರೆ ‘ಫೋರ್ಟಿಫೈ’. 1501ರಲ್ಲಿ ಮಲ್ಲಬೈರೇಗೌಡ ದೇವನಹಳ್ಳಿಗೆ ಮಣ್ಣಿನ ಕೋಟೆ ಕಟ್ಟಿಸಿದ್ದು ಈ ಬಗೆಯದು. ಅಕ್ಕಿಗೆ ಕಬ್ಬಿಣಾಂಶ, ಉಪ್ಪಿಗೆ ಅಯೋಡಿನ್ ಬೆರೆಸುವುದಕ್ಕೂ ಈಗ ಅದೇ ಪದ. ಯಾವುದನ್ನು ಬಳಸಬೇಕೆಂದು ಗೊಂದಲವಾದರೆ ‘ಸ್ಟ್ರೆಂಥನ್’ ಹಲವು ಕಡೆ ನಡೆಯುತ್ತದೆ, ಆದರೆ ಎಲ್ಲ ಕಡೆಗೂ ಅಲ್ಲ: ಅಕ್ಕಿ, ಉಪ್ಪಿನ ವಿಷಯಕ್ಕೆ ‘ಫೋರ್ಟಿಫೈ’ಯೇ ಬೇಕು.

ವಾಕ್ಯದಲ್ಲಿ ಪದ ತಪ್ಪಿದರೆ ತಿದ್ದಬಹುದು, ತಾರಸಿಯಲ್ಲಿ ಕಂಬಿ ತಪ್ಪಿದರೆ ಆಗದು. ಹಾಗಾಗಿ ಮೋಲ್ಡ್ ಹಾಕುವ ದಿನ ಬೆಳಿಗ್ಗೆಯೇ ಏಣಿ ಹತ್ತಿ ಇಷ್ಟು ನೋಡಿಕೊಳ್ಳಿ:

ಒಂದು, ಕೋಣೆಯ ನಡುವೆ ಮುಖ್ಯ ಕಂಬಿ ತಳದಲ್ಲಿರಬೇಕು. ನಡುಗೋಡೆಗಳ ಮೇಲೆ ತಾರಸಿ ಮುಂದುವರಿಯುವಲ್ಲಿ ಎಳೆತ ಮೇಲ್ಭಾಗಕ್ಕೆ ಬರುತ್ತದೆ, ಅಲ್ಲಿ ಮೇಲೂ ಕಂಬಿ ಬೇಕು.

ಎರಡು, ಸಜ್ಜಾ ಮತ್ತು ಬಾಲ್ಕನಿಗೆ ಒಂದೇ ಕಡೆ ಆಸರೆ. ಇನ್ನೊಂದು ತುದಿ ಕೆಳಕ್ಕೆ ಜಗ್ಗುವುದರಿಂದ ಹಿಗ್ಗುವುದು ಮೇಲ್ಭಾಗ. ಇಲ್ಲಿ ಮುಖ್ಯ ಕಂಬಿ ಮೇಲಿರಬೇಕು, ಮನೆಯೊಳಗಿನ ತಾರಸಿಗೆ ಅಥವಾ ತೊಲೆಗೆ ಸಾಕಷ್ಟು ದೂರ ಹಿಡಿದುಕೊಂಡಿರಬೇಕು. ಕೆಲಸದವರು ತುಳಿದು ಓಡಾಡಿದರೆ ಅದು ಕೆಳಕ್ಕೆ ಕುಸಿಯುತ್ತದೆ. ಕಂಬಿ ಬಗ್ಗಿಸಿ ಮಾಡಿದ ‘ಚೇರ್’ ಕೊಟ್ಟಿದ್ದಾರೆಯೇ ಎಂದು ಮೇಸ್ತ್ರಿಯನ್ನು ಕೇಳಿ.

ಮೂರು, ಕಂಬಿ ಸೆಂಟ್ರಿಂಗ್ ಹಲಗೆಗೆ ತಾಗಿರಬಾರದು. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸೌಮ್ಯ (‘ಮೈಲ್ಡ್’) ಪರಿಸರದಲ್ಲಿ ತಾರಸಿಯ ಕಂಬಿಗೆ 20 ಮಿ.ಮೀ., ಕಂಬಗಳ ಕಂಬಿಗೆ 40 ಮಿ.ಮೀ. ಕಾಂಕ್ರೀಟಿನ ಹೊದಿಕೆ ಬೇಕು. ಜಲ್ಲಿಕಲ್ಲು ಸಿಕ್ಕಿಸಿ ಎತ್ತಿದರೆ ಸಾಲದು, ಅಳತೆಯ ಕವರ್ ಬ್ಲಾಕ್ ಇಡಿಸಿ. ಹೊದಿಕೆ ತೆಳುವಾದರೆ ನೀರು ಕಂಬಿಯನ್ನು ಮುಟ್ಟುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನು ಪದರ ಪದರವಾಗಿ ಉದುರಿಸುತ್ತದೆ.

ಕಾಂಕ್ರೀಟು ಸುರಿಯುವ ಮೊದಲು, ಪಕ್ಕದಲ್ಲಿ ಅಳತೆ ಟೇಪು ಹಿಡಿದು ಕಂಬಿಗಳ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಎಂದಾದರೂ ಪೈಪಿಗೋ ಫ್ಯಾನಿನ ಕೊಕ್ಕೆಗೋ ತೂತು ಕೊರೆಯಬೇಕಾದಾಗ ಕಂಬಿ ಎಲ್ಲಿದೆ ಎಂದು ಹುಡುಕುವ ಕಷ್ಟ ತಪ್ಪುತ್ತದೆ.