ಬಿಟ್ಟೆನೆಂದ ನಗೆಗಾರರು ಮರಳಿ ಬಂದದ್ದು

ಹರಿದಾಸರೊಬ್ಬರೇ ನಿಂತು ರಾತ್ರಿಯೆಲ್ಲ ಸಭೆಯನ್ನು ಹಿಡಿದಿಡುವುದನ್ನು ವಾಚಕ ಬಂಧುಗಳು ಬಲ್ಲರಷ್ಟೆ. ತಾಳ, ತಂಬೂರಿ, ದೇವರ ಕಥೆ ಮೂರನ್ನೂ ತೆಗೆದು, ಬರಿಯ ಮಾತಿನಿಂದಲೇ ಒಂದು ಗಂಟೆ ನಗಿಸಿದರೆ ಅದು ಸ್ಟ್ಯಾಂಡ್‌ಅಪ್ ಕಾಮಿಡಿ. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಇಂಥ ನಗೆಗಾರರ ಉತ್ಸವವೊಂದು 1987ರಲ್ಲಿ ಪ್ರಾರಂಭವಾಯಿತು. ಟಾಸ್ಮೇನಿಯ ದ್ವೀಪದ ಹ್ಯಾನಾ ಗ್ಯಾಡ್ಸ್‌ಬಿ ಎಂಬವರು 2017ರಲ್ಲಿ ಅಲ್ಲಿಯ ಮುಖ್ಯ ಬಹುಮಾನ ಪಡೆದರು. ವಿಚಿತ್ರವೆಂದರೆ, ಬಹುಮಾನ ಬಂದ ‘ನ್ಯಾನೆಟ್’ ಎಂಬ ಆ ಪ್ರದರ್ಶನದಲ್ಲೇ ಅವರು ಈ ಕಸುಬನ್ನು ಬಿಡುವುದಾಗಿ ಸಾರಿದ್ದರು.

ಕಾರಣ ತಿಳಿಯಲು ನಗೆಯ ಒಳಗುಟ್ಟು ತಿಳಿಯಬೇಕು. ನಗೆಗಾರನು ಮೊದಲು ಕೇಳುವವರ ಮನಸ್ಸನ್ನು ಬಿಗಿ ಮಾಡುತ್ತಾನೆ. ಆಮೇಲೆ ನೆನೆಯದ ಮಾತೊಂದರಿಂದ ಸಡಿಲಿಸುತ್ತಾನೆ. ಕಥೆಗೆ ಆದಿ, ಮಧ್ಯ, ಅಂತ್ಯ ಮೂರುಂಟು, ನಗೆಹನಿಗೆ ಎರಡೇ. ನಗೆ ಬಂದ ಕಡೆ ಕಥೆಯನ್ನು ಕತ್ತರಿಸಬೇಕು.

ಉದಾಹರಣೆಗೆ, ಬಸ್ ನಿಲ್ದಾಣದಲ್ಲಿ ಒಬ್ಬಾತ ಇವರನ್ನು ಗಂಡಸೆಂದು ತಿಳಿದು, ತನ್ನ ಗೆಳತಿಯ ಮೇಲೆ ಕಣ್ಣು ಹಾಕಿದರೆಂದು ಹೊಡೆಯಲು ಬಂದ. ಹೆಂಗಸೆಂದು ತಿಳಿದಾಗ ಹಿಂಜರಿದ. ಮೊದಲು ಇಷ್ಟೇ ಹೇಳಿ ಸಭೆಯನ್ನು ನಗಿಸುತ್ತಾರೆ. ಕೊನೆಯ ಭಾಗದಲ್ಲಿ ಉಳಿದುದು ಬರುತ್ತದೆ: ಆತ ಮರಳಿ ಬಂದು ಹೊಡೆದ, ಯಾರೂ ತಡೆಯಲಿಲ್ಲ. ಇವರು ಪೊಲೀಸರ ಬಳಿಗೂ ಹೋಗಲಿಲ್ಲ, ಆಸ್ಪತ್ರೆಗೂ ಹೋಗಲಿಲ್ಲ. ತಮ್ಮ ಯೋಗ್ಯತೆ ಅಷ್ಟೇ ಎಂದು ನಂಬಿದ್ದರು. ಗಂಡಸರ ನಡುವಣ ಸಲಿಂಗ ಸಂಬಂಧವನ್ನು 1997ರವರೆಗೂ ಅಪರಾಧವೆನ್ನುತ್ತಿದ್ದ ದ್ವೀಪದಲ್ಲಿ, ಹೆಂಗಸರನ್ನು ಪ್ರೀತಿಸುವವರಾಗಿ ಬೆಳೆದವರಿಗೆ ಬೇರೆ ಹೇಗೆ ಅನಿಸೀತು? ಇಲ್ಲಿ ಅವರು ಬಿಗಿಯನ್ನು ಸಡಿಲಿಸುವುದಿಲ್ಲ. ಸಭೆ ಅದನ್ನು ಮನೆಗೆ ಹೊತ್ತುಕೊಂಡು ಹೋಗಬೇಕು.

ಪರಊರಿನಲ್ಲಿ ದುಡಿಯುವ ನಮಗೂ ಇದು ತೀರ ಹೊಸದಲ್ಲ. ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ನಮ್ಮ ಹಿಂದಿಯನ್ನು ನಾವೇ ಅಣಕಿಸಿ ಜೊತೆಗಾರರನ್ನು ನಗಿಸುತ್ತೇವೆ. ಅವರಿಗಿಂತ ಮೊದಲು ನಾವೇ ನಕ್ಕರೆ ಪೆಟ್ಟು ಕಡಮೆ ಎಂಬ ಲೆಕ್ಕ! ಗ್ಯಾಡ್ಸ್‌ಬಿ ಬಿಡಲು ಹೊರಟದ್ದು ಈ ಲೆಕ್ಕವನ್ನೇ ಎಂದು ನನ್ನ ತಿಳಿವಳಿಕೆ.

2018ರಲ್ಲಿ ‘ನ್ಯಾನೆಟ್’ ನೆಟ್‌ಫ್ಲಿಕ್ಸ್ ಮೂಲಕ ದೇಶದೇಶಗಳಿಗೆ ಹಬ್ಬಿತು. 2019ರಲ್ಲಿ ಅವರು ‘ಡಗ್ಲಸ್’ ಎಂಬ ಹೊಸ ಪ್ರದರ್ಶನದೊಡನೆ ಅದೇ ಉತ್ಸವಕ್ಕೆ ಮರಳಿದರು. (ಡಗ್ಲಸ್ ಅವರ ನಾಯಿಯ ಹೆಸರು.) ಬಿಟ್ಟವರು ಬಂದರಲ್ಲ ಎಂದು ಮೂದಲಿಸುವುದು ಸುಲಭ; ಹೇಗೆ ಬಂದರೆಂಬುದನ್ನು ನೋಡಬೇಕು. ಪ್ರಾರಂಭದಲ್ಲೇ, ಮುಂದೆ ಏನೇನು ಹೇಳುವೆನೆಂದು ಇಡೀ ಪಟ್ಟಿಯನ್ನು ಒಪ್ಪಿಸಿಬಿಡುತ್ತಾರೆ. ಗುಟ್ಟು ಒಡೆದ ಮೇಲೂ ಆ ಜಾಗ ಬಂದಾಗ ಜನ ನಗುತ್ತಾರೆ. ತಮಗೆ ಆಟಿಸಂ ಇರುವುದನ್ನೂ ಮುಚ್ಚಿಡುವುದಿಲ್ಲ. ಶಾಲೆಯಲ್ಲಿ ವ್ಯಾಕರಣ ಕಲಿಸಲು ಉಪಾಧ್ಯಾಯರು ಪೆಟ್ಟಿಗೆಯ ಉದಾಹರಣೆ ಕೊಟ್ಟರೆ, ಈ ಮಗು ಆ ಪೆಟ್ಟಿಗೆಯ ವಿಷಯವಾಗಿಯೇ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತದೆ. ಈ ಸಲ ನಗೆ ತಿರುಗುವುದು ಮಗುವಿನ ಕಡೆಗಲ್ಲ, ತಾಳ್ಮೆಗೆಟ್ಟ ಉಪಾಧ್ಯಾಯರ ಕಡೆಗೆ.